ಆರನೇ ಕುರ್ಚಿ

ಕುರ್ಚಿ ಕಳುವಾಗಿದೆ ಎಂಬ ದೂರು ಕೆಂಪಾಪುರ ಠಾಣೆಗೆ ಬಂದದ್ದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ. ಇನ್ಸ್‌ಪೆಕ್ಟರ್ ಶಾಂತಲಾ ಅಷ್ಟರಲ್ಲಿ ಒಂದು ಸರಗಳ್ಳತನ, ಎರಡು ಪಾರ್ಕಿಂಗ್ ಜಗಳ ನಿಭಾಯಿಸಿ, ಆರಿಹೋಗುತ್ತಿದ್ದ ಕಾಫಿ ಲೋಟವನ್ನು ಆಗಷ್ಟೇ ಕೈಗೆತ್ತಿಕೊಂಡಿದ್ದಳು. ಎದುರಿಗೆ ಇಬ್ಬರು ಬಂದು ನಿಂತರು. ಮುಂದಿದ್ದವನು ಯೋಗಾನಂದ. ಅವನ ತಾತ ಬ್ಯಾಟರಾಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಎರಡು ಬಡಾವಣೆಗಳಿವೆ. ಅಣ್ಣಂದಿರು ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ, ಇವನು ಹಳೆಯ ಕಾಲದ ಕುರ್ಚಿ ಮೇಜು, ಅಚ್ಚಿನ ಚಿತ್ರಗಳನ್ನು ಕೂಡಿಹಾಕುತ್ತಾನೆ. ಹಿಂದೆ ನಿಂತವನು ಅನಂತರಾಜು. ಆ ಸಾಮಾನುಗಳನ್ನೆಲ್ಲ ಎಲ್ಲೆಲ್ಲಿಂದಲೋ ಹುಡುಕಿ ಅವನಿಗೆ ತಂದುಕೊಡುವ ವ್ಯಾಪಾರಿ, ಸ್ನೇಹಿತ ಕೂಡ.

"ಏನ್ ಹೋಗಿದೆ?"

"ಒಂದು ಪ್ರಿಂಟು, ಒಂದು ಕುರ್ಚಿ."

"ಕುರ್ಚಿ."

"ಬರೀ ಕುರ್ಚಿ ಅಲ್ಲ ಮೇಡಂ. ಐವತ್ತರ ದಶಕದ್ದು. ಮಿಡ್-ಸೆಂಚುರಿ ಪೀಸು."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಸುಬ್ರಮಣಿ ಕೀಬೋರ್ಡಿನಿಂದ ತಲೆ ಎತ್ತಿದ. "'ಹಳೆಯ ಮರದ ಕುರ್ಚಿ ಒಂದು' ಅಂತ ಹಾಕ್ಲಾ ಸಾರ್?"

ಯೋಗಾನಂದ ಕೆನ್ನೆಗೆ ಹೊಡೆಸಿಕೊಂಡವನಂತೆ ಕಣ್ಣು ಮುಚ್ಚಿದ. "ಹಳೆಯ ಅಂತ ಹಾಕ್ಬೇಡ್ರಿ."

"ಹೊಸದಾ ಹಂಗಾದ್ರೆ?"

"ಅಲ್ಲ ಕಣ್ರೀ."

"ಮತ್ತೆ ಏನಂತ ಹಾಕ್ಲಿ?"

ಅನಂತರಾಜು ಮೆಲ್ಲಗೆ ನಡುವೆ ಬಂದ. "ತೇಗದ ಚೌಕಟ್ಟು, ಬೆತ್ತ ಹೆಣೆದಿರೋ ಕೈಕುರ್ಚಿ ಅಂತ ಬರ್ಕೊಳಿ ಸಾರ್. ಹಿಂದಿನ ಕಾಲು ಸ್ವಲ್ಪ ಓರೆ. ಕೈಗಳ ತುದಿ ದುಂಡಗೆ, ಹೊಳೇಲಿ ಸವೆದ ಕಲ್ಲಿನ ಥರ." ಹೇಳುತ್ತಿದ್ದಂತೆ ಅವನ ಹೆಬ್ಬೆರಳು ಗಾಳಿಯಲ್ಲೇ ಆ ದುಂಡನ್ನು ಸವರಿತು.

"ಕಲ್ಲು ಎಲ್ಲಿಂದ ಬಂತು?" ಸುಬ್ರಮಣಿ ಕೇಳಿದ.

ಶಾಂತಲಾ ಲೋಟ ಕೆಳಗಿಟ್ಟಳು. ಕಳುವಾದ ಮಾಲಿನ ಅಂದಾಜು ಬೆಲೆ ಎಂಬಲ್ಲಿಗೆ ಬರುವ ಹೊತ್ತಿಗೆ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಅದಕ್ಕೆ ಬೆಲೆ ಕಟ್ಟಲಾಗದು ಎಂದು ಯೋಗಾನಂದ, ಬೆಲೆ ಹಾಕದೆ ಕಂಪ್ಯೂಟರ್ ಮುಂದಕ್ಕೇ ಹೋಗದು ಎಂದು ಸುಬ್ರಮಣಿ. ಇಬ್ಬರೂ ಪಟ್ಟು ಬಿಡಲೊಲ್ಲರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದು ಅವಳು ಮಾತು ಕತ್ತರಿಸಿದಳು.

"ಅನುಮಾನ ಏನು ಬಂತು, ಗೋಪಾಲಮ್ಮಾನೇ. ಮನೆ ಕೆಲಸದವಳು. ನಿನ್ನೆ ನಾವೆಲ್ಲ ದೇವನಹಳ್ಳಿಗೆ ನಾಮಕರಣಕ್ಕೆ ಹೋಗಿದ್ವಿ. ಬೀಗ ಒಡೆದಿಲ್ಲ. ಕೀ ಇಡೋ ಜಾಗ ಗೊತ್ತಿರೋದು ಅವಳಿಗೇ. ಎಫ್‌ಐಆರ್‌ನಲ್ಲಿ ಅವಳ ಹೆಸರು ಹಾಕಿ."

"ಗೋಪಾಲಮ್ಮ ಕುರ್ಚಿ ತಗೊಂಡು ಏನ್ ಮಾಡ್ತಾರೆ?"

ಅನಂತರಾಜು ನೆಲ ನೋಡುತ್ತಿದ್ದ.

"'ಯಾರೋ ಕಳ್ಳರು' ಅಂತ ಹಾಕು ಸುಬ್ರಮಣಿ." ಭಾರತೀಯ ನ್ಯಾಯ ಸಂಹಿತೆಯ 305 ಮತ್ತು 331ನೇ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಅನಂತರಾಜುವಿನ ಹೆಸರು, ಆರ್.ಟಿ. ನಗರದ ವಿಳಾಸ ಸಾಕ್ಷಿಯ ಕಡೆ ಸೇರಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಯೋಗಾನಂದನ ಮನೆಯ ಹಾಲ್‌ನಲ್ಲಿ ಒಂದೇ ಬಗೆಯ ಐದು ಬೆತ್ತದ ಕುರ್ಚಿಗಳು ಸಾಲಾಗಿದ್ದವು. ಆರನೆಯದರ ಜಾಗ ಬರಿದು. ಅದರ ಮೇಲಿನ ಗೋಡೆಯಲ್ಲಿ ಒಂದು ಮೊಳೆ. ಅಲ್ಲಿದ್ದ ಚಿತ್ರ ಗಜಲಕ್ಷ್ಮಿಯದು, ಹಳೆಯ ಅಚ್ಚು. ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ದೇವಿಯ ಸೀರೆಗೆ ನಿಜವಾದ ಜರಿ, ಮಿಣುಕು ಹೊಲಿದು ಕಟ್ಟು ಹಾಕಿಸಿದ್ದರಂತೆ.

"ಸಿಸಿಟಿವಿ ಎಲ್ಲಿ?"

"ತೆಗೆಸ್ಬಿಟ್ಟೆ ಮೇಡಂ. ಮನೆ ಮುಂಭಾಗದ ಅಂದ ಕೆಡ್ತಿತ್ತು."

ಹೊಸ ಕಾನೂನಿನ ಪ್ರಕಾರ ಪಂಚನಾಮೆಯ ವಿಡಿಯೊ ಆಗಲೇಬೇಕು. ಕಾನ್‌ಸ್ಟೆಬಲ್ ನಯನಾ ಮೊಬೈಲ್ ಹಿಡಿದು ಸುತ್ತುತ್ತಿದ್ದಳು. ಅರ್ಧಕ್ಕೆ ಜಾಗ ಸಾಲದೆಂದು ಮೊಬೈಲ್ ನಿಂತುಹೋಯಿತು. ಅಕ್ಕನ ಮಗಳ ಹುಟ್ಟುಹಬ್ಬದ ವಿಡಿಯೊಗಳನ್ನು ಒಂದೊಂದಾಗಿ ಅಳಿಸುತ್ತ ಅವಳು ಮೂಗು ಒರೆಸಿಕೊಂಡಳು. ಇಬ್ಬರು ಪಂಚರಲ್ಲಿ ಒಬ್ಬ ಬೀದಿ ಕೊನೆಯ ಟೀ ಅಂಗಡಿಯವನು. ಹಾಲು ಉಕ್ಕುತ್ತೆ, ಬೇಗ ಬಿಡಿ ಎಂದು ಅವನ ವರಾತ.

ಉಳಿದ ಐದನ್ನು ಬೋರಲು ಹಾಕಿ ನೋಡೋಣವೆಂದು ಶಾಂತಲಾ ಹೇಳಿದಾಗ ಯೋಗಾನಂದ ತನ್ನ ಹೊಟ್ಟೆಗೇ ಕೈಹಾಕಿದರೇನೋ ಎಂಬಂತೆ ಮುಖ ಹಿಂಡಿದ. ಒರಗುವ ಪಟ್ಟಿಯ ಹಿಂದೆ, ಬೆತ್ತ ಸೇರುವ ಸಂದಿಯಲ್ಲಿ, ಕಂದುಗೆಂಪು ಕಲೆ.

"ರಕ್ತನಾ?" ಟೀ ಅಂಗಡಿಯವನು ಹಾಲನ್ನು ಮರೆತ.

ಸುಬ್ರಮಣಿ ಉಗುರಿನಿಂದ ಕೆರೆದು ನೋಡಿದ. "ಕುಂಕುಮ ಮೇಡಂ. ಆಯುಧಪೂಜೇದು."

ಆ ಕುರ್ಚಿಗಳು ಮೊದಲು ಯಶವಂತಪುರದ ಕಡೆಯ ಒಂದು ಕಾರ್ಖಾನೆಯ ಅತಿಥಿಗೃಹದಲ್ಲಿದ್ದವು. ಅಲ್ಲಿ ವರ್ಷವರ್ಷವೂ ಲೇತು, ಲಾರಿ, ಬೀರು, ಕುರ್ಚಿ ಎಂಬ ಭೇದವಿಲ್ಲದೆ ಎಲ್ಲದಕ್ಕೂ ಗಂಧ ಹಚ್ಚಿ ಕುಂಕುಮವಿಟ್ಟಿದ್ದಾರೆ. ಎಷ್ಟು ಪಾಲಿಶ್ ಹಾಕಿದರೂ ಸಂದಿಗೆ ಇಳಿದದ್ದು ಹೋಗಿಲ್ಲ.

"ಐದ್ರಲ್ಲೂ ಐತೆ. ಬರ್ಕೊಳ್ಲಾ?"

"ಬರ್ಕೋ. ಎಲ್ಲಾ ಬರ್ಕೋ. ನೆಲದ ಟೈಲ್ಸೂ ಎಣಿಸಿ ಬರ್ಕೋ," ಎಂದಳು ಶಾಂತಲಾ. ಸುಬ್ರಮಣಿ ಅದನ್ನು ಆಜ್ಞೆಯೆಂದೇ ತಿಳಿದು ಟೈಲ್ಸ್ ಕಡೆ ಬಗ್ಗಿದ. ಅವಳು ಹಣೆ ಒತ್ತಿಕೊಂಡಳು.

ಒಳಗಿನಿಂದ ಯೋಗಾನಂದನ ತಾಯಿ ಮುನಿಕೆಂಪಮ್ಮ ಗೋಡೆ ಹಿಡಿದುಕೊಂಡು ಬಂದರು. "ಕುರ್ಚಿ ಓದ್ರೆ ಓಗ್ಲಿ ಕಣವ್ವ. ಅದ್ರಾಗೆ ನಮ್ಮನ್ನ ಕೂರಾಕೂ ಬಿಡ್ತಿರ್ಲಿಲ್ಲ. ನನ್ ಲಕ್ಷ್ಮಮ್ಮನ್ನ ತಂದ್ಕೊಡು. ಬೆಳಗ್ಗೆ ಎದ್ದು ಯಾರಿಗ್ ಕೈ ಮುಗೀಲಿ, ಆ ಮೊಳೆಗಾ?"

"ಅಮ್ಮ, ನೀನು ಒಳಗೆ ಹೋಗು," ಎಂದ ಮಗ. "ಮೇಡಂ, ನನ್ನ ಕಷ್ಟ ನಿಮಗೆ ಅರ್ಥ ಆಗ್ತಿಲ್ಲ. ಬುಧವಾರ ಮುಂಬೈಯಿಂದ ಇದ್ರಲ್ಲಿ ದೊಡ್ಡ ತಜ್ಞರು ಬರ್ತಿದಾರೆ. ಆರೂ ಕುರ್ಚಿನ ತಿರುಗಿಸಿ ಮುರುಗಿಸಿ ನೋಡಿ ಪುಸ್ತಕದಲ್ಲಿ ಹಾಕೋರಿದ್ರು. ಈಗ ಐದು ತೋರಿಸ್ಲಾ?"

ಅಡುಗೆಮನೆ ಬಾಗಿಲಲ್ಲಿ ಗೋಪಾಲಮ್ಮ ನಿಂತಿದ್ದಳು. ಸೆರಗಿನಲ್ಲಿ ಒದ್ದೆ ಕೈ ಒರೆಸಿ ಒರೆಸಿ ಸೆರಗೇ ತೊಯ್ದಿತ್ತು.

"ಕೀ ಎಲ್ಲಿ ಇಡ್ತೀರ ಗೋಪಾಲಮ್ಮ?"

"ಹಿಂದ್ಗಡೆ ಸಿಲಿಂಡರ್ ಗೂಡಲ್ಲಿ ಮೇಡಂ. ಅಣ್ಣಾವ್ರೇ ಹೇಳಿದ್ದು."

"ಇನ್ಯಾರಿಗೆ ಗೊತ್ತು?"

"ಯಾರಿಗ್ ಗೊತ್ತಿಲ್ಲ ಹೇಳಿ. ಮನೆಗ್ ಬರೋರು ಹೋಗೋರು ಎಲ್ಲಾರೂ ನೋಡವ್ರೆ." ಅವಳು ದನಿ ತಗ್ಗಿಸಿದಳು. "ಈ ರೋಡಲ್ಲಿ ನಾಕು ಮನೆ ಮಾಡ್ತೀನಿ. ಬೆಳಗ್ಗೇನೇ ಅಣ್ಣಾವ್ರು ನನ್ ಫೋಟೊ ಬೀದಿಯೋರ ವಾಟ್ಸಾಪ್ ಗ್ರೂಪಲ್ಲಿ ಹಾಕವ್ರೆ. ಎರಡ್ ಮನೆಯೋರು ಬರ್ಬೇಡ ಅಂದ್ರು. ಠಾಣೆಗೆ ಕರ್ಕೊಂಡ್ ಹೋದ್ರಿ ಅಂದ್ರೆ ಮುಗೀತು ಮೇಡಂ. ಆಮೇಲೆ ನೀವೇ ಬಂದು ಇವಳು ಕದ್ದಿಲ್ಲ ಅಂದ್ರೂ ಯಾರೂ ಕೆಲ್ಸ ಕೊಡಲ್ಲ."

ಹೊರಗೆ ಜೀಪಿನ ಹತ್ತಿರ ಅನಂತರಾಜು ಅವಳ ಪರವಾಗಿ ಎರಡು ಮಾತಾಡಿದ. "ಪಾಪದ ಹೆಂಗಸು ಮೇಡಂ. ಯೋಗಿಗೆ ಕೋಪ ಅಷ್ಟೆ. ನೀವು ಅವಳನ್ನ ಏನೂ ಮಾಡ್ಬೇಡಿ." ಒಳ್ಳೆಯ ಮನುಷ್ಯ ಎಂದುಕೊಂಡು ಶಾಂತಲಾ ಜೀಪು ಹತ್ತಿದಳು.

ಮಂಗಳವಾರ ಬೆಳಿಗ್ಗೆ ಎಸಿಪಿಯವರ ಫೋನು. ಯೋಗಾನಂದನ ದೊಡ್ಡಪ್ಪ ಹಿಂದೆ ಕಾರ್ಪೊರೇಟರ್ ಆಗಿದ್ದವರು. ಫೋನು ಅಲ್ಲಿಂದ ಹೊರಟು ಇಲ್ಲಿಗೆ ಬಂದದ್ದು.

"ಆ ಕೆಲಸದವಳನ್ನ ಇನ್ನೂ ಯಾಕೆ ಕರೆಸಿಲ್ಲ?"

"ಅವರ ಮೇಲೆ ಸಾಕ್ಷ್ಯ ಇಲ್ಲ ಸರ್."

"ಕೂರ್ಸಿ ಕೇಳಿದ್ರೆ ತಾನೇ ಸಿಗೋದು. ನಾಳೆ ಸಂಜೆವರೆಗೂ ನೋಡ್ತೀನಿ. ಆಮೇಲೆ ಕೇಸು ಬೇರೆಯವ್ರಿಗೆ ಕೊಡ್ತೀನಿ."

ಬೇರೆಯವರ ಕೈಗೆ ಹೋದರೆ ಮೊದಲ ಗಂಟೆಯಲ್ಲೇ ಗೋಪಾಲಮ್ಮ ಠಾಣೆಯ ಬೆಂಚಿನ ಮೇಲಿರುತ್ತಾಳೆ. ಅದು ಶಾಂತಲಾಗೆ ಗೊತ್ತಿತ್ತು, ಎಸಿಪಿಗೂ ಗೊತ್ತಿತ್ತು.

ಅಷ್ಟು ದೊಡ್ಡ ಕುರ್ಚಿಯನ್ನು ಸ್ಕೂಟರಿನಲ್ಲಿ ಒಯ್ಯಲಾಗದು. ವಾಹನ ಬಂದಿರಲೇಬೇಕು, ಬಂದಿದ್ದರೆ ಹೆಬ್ಬಾಳದ ಕಡೆಗೆ ಹೋಗಿರಲೂಬಹುದು. ಭಾನುವಾರದ ಕ್ಯಾಮೆರಾ ದೃಶ್ಯ ಕೊಡಿ ಎಂದು ಸಂಚಾರ ವಿಭಾಗವನ್ನು ಕೇಳಿದರೆ ಪತ್ರ ಬರೆಯಿರಿ ಎಂದರು. ಪತ್ರ ಕೊಟ್ಟರೆ ಇಮೇಲ್ ಮಾಡಿ ಎಂದರು. ಇಮೇಲ್ ವಾಪಸ್ ಬಂತು. ಅದನ್ನು ಹೇಳಲು ಫೋನ್ ಮಾಡಿದರೆ, ಊಟಕ್ಕೆ ಹೋಗಿದಾರೆ ಎಂದು ಯಾರೋ ಊಟ ಮಾಡುತ್ತಲೇ ಹೇಳಿದರು. ಇತ್ತ ಯೋಗಾನಂದ ಶಾಂತಲಾಳ ವಾಟ್ಸಾಪಿಗೆ ಕುರ್ಚಿಯ ಫೋಟೊಗಳನ್ನು ಸುರಿಯುತ್ತಿದ್ದ: ಎಡದಿಂದ, ಬಲದಿಂದ, ಬೆಳಗಿನ ಬಿಸಿಲಿನಲ್ಲಿ, ಸಂಜೆ ಬಿಸಿಲಿನಲ್ಲಿ. ಅವಳ ಗಂಡ ಕಳಿಸಿದ್ದ ಗ್ಯಾಸ್ ಬುಕ್ಕಿಂಗ್ ನಂಬರು ಅದರಡಿ ಎಲ್ಲೋ ಹೂತುಹೋಯಿತು.

ಕೊನೆಗೆ ನಯನಾಳೇ ದಾರಿ ಹುಡುಕಿದಳು. ಅವಳ ಜೊತೆ ತರಬೇತಿ ಪಡೆದ ಹುಡುಗಿಯೊಬ್ಬಳು ಸಂಚಾರ ವಿಭಾಗದಲ್ಲಿದ್ದಳು. ಪೂರ್ತಿ ದೃಶ್ಯಾವಳಿಗೆ ಅನುಮತಿ ಬೇಕು. ಆದರೆ ಸೀಟ್ ಬೆಲ್ಟ್ ಹಾಕದವರಿಗೆ ದಂಡ ಹಾಕಲು ಕ್ಯಾಮೆರಾ ತಾನೇ ತೆಗೆಯುವ ಫೋಟೊಗಳನ್ನು ಆ ಕ್ಷಣವೇ ತೋರಿಸಬಹುದು. ಸಂಜೆಯ ಹೊತ್ತಿಗೆ ಠಾಣೆಯ ಕಂಪ್ಯೂಟರಿನಲ್ಲಿ ಹೆಬ್ಬಾಳದ ಭಾನುವಾರ ಮಧ್ಯಾಹ್ನವೆಲ್ಲ ಸಾಲುಗಟ್ಟಿ ಹಾದುಹೋಯಿತು. ಬೆಲ್ಟಿಲ್ಲದ ಗಂಡಂದಿರು, ಬೆಲ್ಟಿಲ್ಲದ ಅತ್ತೆಯರು, ಮಡಿಲಲ್ಲಿ ಹಲಸಿನಹಣ್ಣು ಇಟ್ಟುಕೊಂಡವರು.

"ಮೇಡಂ," ಎಂದಳು ನಯನಾ. "ಈ ಬಿಳಿ ವ್ಯಾನು ನೋಡಿ. ನಾಲ್ಕೂ ಹತ್ತರ ಫೋಟೊ. ಡ್ರೈವರ್ ಬೆಲ್ಟ್ ಹಾಕಿಲ್ಲ, ಫೈನ್ ಬಿದ್ದಿದೆ."

"ಸರಿ, ಅದಕ್ಕೇನು?"

"ಪಕ್ಕದಲ್ಲಿರೋರು ಹಾಕಿದಾರೆ."

ಶಾಂತಲಾ ಕನ್ನಡಕ ಏರಿಸಿ ಬಗ್ಗಿದಳು. ಬಿಸಿಲು ತಡೆಯುವ ಪಟ್ಟಿ ಕೆಳಗಿಳಿದು ಡ್ರೈವರನ ಮುಖ ಕಾಣದು. ಪಕ್ಕದ ಸೀಟಿನಲ್ಲಿ, ಕಟ್ಟು ಸಮೇತ, ನೆಟ್ಟಗೆ ರಸ್ತೆ ನೋಡುತ್ತ ಗಜಲಕ್ಷ್ಮಿ ಕೂತಿದ್ದಳು. ಎರಡು ಆನೆಗಳು ಎರಡು ಕಡೆಯಿಂದ ನೀರೆರೆಯುತ್ತಿದ್ದವು. ಎದೆಯ ಮೇಲೆ ಅಡ್ಡಕ್ಕೆ ಸೀಟ್ ಬೆಲ್ಟ್.

ಸುಬ್ರಮಣಿಯ ಕೈಗಳು ತಾವಾಗಿ ಜೋಡಿಕೊಂಡವು. ಆಮೇಲೆ ನಾಚಿ ಇಳಿಸಿದ.

"ಹಿಂದೆ ಬಟ್ಟೆ ಹೊದಿಸಿ ಮಲಗಿಸಿದ್ರೆ ಯಾವ ಜನ್ಮಕ್ಕೂ ಸಿಕ್ತಿರ್ಲಿಲ್ಲ," ಎಂದಳು ಶಾಂತಲಾ.

"ದೇವರನ್ನ ಹೆಂಗ್ ಮಲಗಿಸ್ತಾನೆ ಮೇಡಂ? ಅದೂ ಕುರ್ಚಿ ಕಾಲ ಕೆಳಗೆ," ಎಂದ ಸುಬ್ರಮಣಿ, ಕಳ್ಳನ ವಕೀಲನಂತೆ.

ವ್ಯಾನು ವನಿತಾ ಎಂಬವರ ಹೆಸರಿನಲ್ಲಿತ್ತು. ಆರ್.ಟಿ. ನಗರ. ಮನೆ ನಂಬರು ಓದುತ್ತಿದ್ದ ಸುಬ್ರಮಣಿ ನಿಲ್ಲಿಸಿ, ಸೋಮವಾರದ ಕಾಗದ ತೆಗೆದು ಪಕ್ಕದಲ್ಲಿಟ್ಟ. ಸಾಕ್ಷಿ ಅನಂತರಾಜು ಕೊಟ್ಟ ವಿಳಾಸವೂ ಅದೇ; ವನಿತಾ ಅವನ ಹೆಂಡತಿ.

ಶಾಂತಲಾ ಕುರ್ಚಿಗೆ ಒರಗಿದಳು. ತಾನೇ ತಂದುಕೊಟ್ಟ ಸಾಮಾನನ್ನು ತಾನೇ ಯಾಕೆ ಕದಿಯಬೇಕು? ಕದಿಯುವುದಾದರೆ ಆರರಲ್ಲಿ ಆ ಒಂದೇ ಯಾಕೆ? ಅವಳು ಮೊಬೈಲ್ ತೆಗೆದು, ಬೆಳಗಿನಿಂದ ಬಯ್ದುಕೊಳ್ಳುತ್ತಿದ್ದ ಆ ಫೋಟೊಗಳನ್ನು ಒಂದೊಂದಾಗಿ ನೋಡತೊಡಗಿದಳು. ಆರನೇ ಕುರ್ಚಿಯ ಹಿಂಬದಿ ಸಿಕ್ಕಿತು. ದೊಡ್ಡದು ಮಾಡಿದಳು. ಮರದ ಮೇಲೆ ಗೀರುಗಳಿದ್ದವು, ಮಸಿಯ ಕಲೆಯಿತ್ತು, ಕಾರ್ಖಾನೆಯ ಬಿಳಿ ಬಣ್ಣದ ಸಂಖ್ಯೆ ಅರ್ಧ ಅಳಿಸಿತ್ತು. ಬೆತ್ತ ಸೇರುವ ಸಂದಿಯೊಳಗೆ ಕುಂಕುಮವಿರಲಿಲ್ಲ. ಒಂದು ಕಣವೂ.

ಯೋಗಾನಂದನಿಗೆ ಫೋನ್ ಮಾಡಿದಳು. "ಆ ಆರನೇದು ಬೇರೆಯವುಗಳ ಜೊತೇಲೇ ಬಂದಿದ್ದಾ?"

"ಇಲ್ಲ ಮೇಡಂ. ಐದು ಕಾರ್ಖಾನೆ ಹರಾಜಲ್ಲಿ ತಗೊಂಡಿದ್ದು. ಆರನೇದು ಎರಡು ವರ್ಷ ಆದ್ಮೇಲೆ ನಮ್ಮ ಅನಂತ ಯಾವುದೋ ಗುಜರಿಲಿ ಹುಡುಕಿದ್ದು. ಆರ್ರಲ್ಲಿ ಅದೇ ಚೆನ್ನಾಗಿರೋದು, ಗೊತ್ತಾ? ಬಂದವರೆಲ್ಲ ಅದನ್ನೇ ಮುಟ್ಟಿ ನೋಡೋರು."

ಬುಧವಾರ ಬೆಳಿಗ್ಗೆ ಹೆಸರಘಟ್ಟಕ್ಕೆ ಜೀಪು ಹೊರಟಿತು. ಅನಂತರಾಜುವಿನ ಶೆಡ್ಡು ಅಲ್ಲಿ, ಒಂದು ಹಾಲಿನ ಡೇರಿಯ ಹಿಂದೆ. ದಾರಿಯುದ್ದಕ್ಕೂ ಎಸಿಪಿ ಆಫೀಸಿನಿಂದ ಎರಡು ಸಲ ಫೋನು. ಡೇರಿಯ ಎಮ್ಮೆಗಳು ರಸ್ತೆಗೆ ಅಡ್ಡ ನಿಂತು ಜೀಪಿನ ಹಾರನ್ನಿಗೆ ಕಿವಿ ಕೂಡ ಆಡಿಸಲಿಲ್ಲ. ನಯನಾ ಇಳಿದು ಓಡಿಸಬೇಕಾಯಿತು.

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಅನಂತರಾಜು ಮರದ ಪುಡಿ ಗುಡಿಸುತ್ತಿದ್ದವನು ಪೊರಕೆ ಹಿಡಿದೇ ನಿಂತ. ಮೂಲೆಯ ಕಟ್ಟೆಯ ಮೇಲೆ ಗಜಲಕ್ಷ್ಮಿ. ಮುಂದೆ ದೀಪ ಉರಿಯುತ್ತಿತ್ತು, ಪಟಕ್ಕೆ ಸೇವಂತಿಗೆ ಮುಡಿಸಿತ್ತು. ಇನ್ನೊಂದು ಕಡೆ ಒಗೆದ ಬಿಳಿ ಹಚ್ಚಡ ಹೊದ್ದು ಏನೋ ನಿಂತಿತ್ತು. ಸುಬ್ರಮಣಿ ಹಚ್ಚಡ ಸರಿಸಿದ.

"ಇದು ಯಾರದು?" ಶಾಂತಲಾ ಕೇಳಿದಳು.

"ಯೋಗಿದು."

"ಯಾರು ಮಾಡಿದ್ದು?"

ಅನಂತರಾಜು ಪೊರಕೆಯನ್ನು ಗೋಡೆಗೆ ಒರಗಿಸಿದ. ಒರಗಿಸಿದ್ದು ಜಾರಿತು, ಮತ್ತೆ ಒರಗಿಸಿದ. "ನಾನೇ."

"ಬೇರೆ ಯಾರಾದ್ರೂ ಸೇರಿದ್ರಾ?"

"ಇಲ್ಲ. ಮರ ಒಂದು ಹಳೇ ಬಾಗಿಲಿಂದು. ಬೆತ್ತಾನೂ ನಾನೇ ಹೆಣೆದೆ. ಎಂಟು ತಿಂಗಳು ಹಿಡೀತು."

"ಮಸಿ ಕಲೆ, ನಂಬರು?"

"ಅದೂ ನಾನೇ."

"ಕುಂಕುಮ ಮರೆತ್ರಿ."

ಅವನು ಅರ್ಥವಾಗದೆ ನೋಡಿದ. ಉಳಿದ ಐದರ ಸಂದಿಯಲ್ಲೂ ಆಯುಧಪೂಜೆಯ ಕುಂಕುಮವಿದೆ ಎಂದು ಅವಳು ಹೇಳಿದಾಗ ಕುರ್ಚಿಯ ಹಿಂದೆ ಹೋಗಿ ಬಗ್ಗಿ ನೋಡಿದ. "ಹೌದಲ್ಲ," ಎಂದ. "ಪ್ರತಿ ವರ್ಷ ಈ ಶೆಡ್ಡಲ್ಲಿ ನಾನೇ ಗರಗಸಕ್ಕೆ ಇಡ್ತೀನಿ."

"ಇವತ್ತು ಬರೋ ತಜ್ಞರಿಗೆ ಗೊತ್ತಾಗುತ್ತೆ ಅಂತ ಹೆದರಿದ್ರಿ."

"ಯೋಗಿಗೆ ಗೊತ್ತಾಗುತ್ತೆ ಅಂತ. ಇಪ್ಪತ್ತು ವರ್ಷದ ಸ್ನೇಹ ಮೇಡಂ."

"ಚಿತ್ರ ಯಾಕೆ ತಂದ್ರಿ?"

"ಕುರ್ಚಿ ಒಂದೇ ಹೋದ್ರೆ ಅನುಮಾನ ಬರುತ್ತಲ್ಲ. ಪಕ್ಕದಲ್ಲೇ ಇತ್ತು, ತಗೊಂಡೆ. ದಾರಿ ಪೂರ್ತಿ ತಪ್ಪಾಯ್ತು ತಾಯಿ ಅಂತ ಹೇಳ್ತಾನೇ ಬಂದೆ."

ಮೂರು ದಿನದಿಂದ ಒಳಗೇ ಕುದಿಯುತ್ತಿದ್ದದ್ದು ಆಗ ಹೊರಬಂತು. ಶಾಂತಲಾ ದನಿ ಏರಿಸಲಿಲ್ಲ. "ದೇವರ ಪಟಕ್ಕೆ ಬೆಲ್ಟ್ ಹಾಕ್ದೋರು ನೀವು. ಗೋಪಾಲಮ್ಮನ ಹೆಸರು ಬಂದಾಗ ನನ್ನ ಮೇಜಿನ ಮುಂದೇನೇ ನಿಂತಿದ್ರಿ. ಅವಳ ಫೋಟೊ ಬೀದಿ ತುಂಬಾ ಓಡಾಡ್ತಿತ್ತು. ಅವಳಿಗೆ ಯಾವ ಬೆಲ್ಟ್ ಹಾಕಿದ್ರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಜಪ್ತಿ ಪಂಚನಾಮೆ ಶುರುವಾಯಿತು. ಡೇರಿಯ ಇಬ್ಬರು ಪಂಚರಾದರು. ಬೆಳಿಗ್ಗೆ ಹನ್ನೊಂದೂವರೆಗೆ ದಸ್ತಗಿರಿ ಜ್ಞಾಪನಕ್ಕೆ ಅವನು ಸಹಿ ಹಾಕಿದ. ಹೆಂಡತಿಗೆ ನಯನಾ ಫೋನ್ ಮಾಡಿ ವಿಷಯ ತಿಳಿಸಿದಳು.

ಠಾಣೆಗೆ ಬಂದೊಡನೆ ಎಸಿಪಿಗೆ ವರದಿ ಹೋಯಿತು. "ಹಂಗಾ," ಎಂದಷ್ಟೇ ಅವರು ಅಂದರು. ಆಮೇಲೆ ಯೋಗಾನಂದ ಬಂದ. ಮೇಜಿನ ಪಕ್ಕದಲ್ಲಿದ್ದ ಕುರ್ಚಿಯನ್ನು ಕಂಡು ಮುಖ ಅರಳಿತು. ಶಾಂತಲಾ ವಿಷಯ ಹೇಳಿದಳು. ಅವನು ಬಗ್ಗಿ, ಬೆತ್ತದ ಸಂದಿಯಲ್ಲಿ ಬೆರಳಾಡಿಸಿ, ಬೆರಳನ್ನು ನೋಡಿಕೊಂಡ. ಬೆರಳು ಶುಭ್ರವಾಗಿತ್ತು.

"ಮೊದಲು ಗ್ರೂಪಲ್ಲಿ ಬರೀರಿ," ಎಂದಳು ಅವಳು.

"ಏನಂತ?"

"ಗೋಪಾಲಮ್ಮ ಕದ್ದಿಲ್ಲ, ತಪ್ಪು ನನ್ನದು ಅಂತ. ಅವರ ಫೋಟೊ ಹಾಕಿದ್ರಲ್ಲ, ಅದೇ ಜಾಗದಲ್ಲಿ."

"ಸಂಜೆ ಹಾಕ್ತೀನಿ ಮೇಡಂ, ಈಗ ನನ್ನ ಮನಸ್ಸು ಸರಿಯಿಲ್ಲ."

"ಈಗ."

ಅವನು ಬರೆದ, ಅಳಿಸಿದ, ಬರೆದ. 'ತಪ್ಪು ತಿಳುವಳಿಕೆಯಿಂದ' ಎಂದು ಶುರು ಮಾಡಿದ್ದನ್ನು ಸುಬ್ರಮಣಿ ಹಿಂದಿನಿಂದ ಇಣುಕಿ ನೋಡಿ, "ಅದು ಬೇಡ ಸಾರ್, ನೇರ ಹಾಕಿ," ಎಂದ. ಸಂದೇಶ ಹೋಯಿತು. ಬರಬೇಡ ಎಂದಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಸಂಜೆಗೇ ಗೋಪಾಲಮ್ಮನನ್ನು ಕರೆದರು. ಇನ್ನೊಂದು ಮನೆಯವರು ಕರೆಯಲಿಲ್ಲ. ಯೋಗಾನಂದನ ಮನೆಗೆ ಅವಳೇ ಹೋಗಲಿಲ್ಲ.

"ಲಕ್ಷ್ಮಿ ಪಟ ಕೋರ್ಟಿಂದ ಬಿಡಿಸ್ಕೊಳ್ಳೋಕೆ ಅರ್ಜಿ ಹಾಕ್ತೀನಿ, ಅಮ್ಮ ಊಟ ಬಿಟ್ಟಿದಾರೆ," ಎಂದ ಯೋಗಾನಂದ ಏಳುತ್ತ.

"ಕುರ್ಚಿಗೆ?"

ಅವನು ಅದರತ್ತ ನೋಡಲೂ ಇಲ್ಲ. "ಅದು ನಂಗೆ ಬೇಡ ಮೇಡಂ. ಹೊಸ ಕುರ್ಚಿ ಇಟ್ಕೊಂಡು ಏನ್ ಮಾಡ್ಲಿ?"

ಲಾಕಪ್ಪಿನ ಹತ್ತಿರ ಕೂತಿದ್ದ ಅನಂತರಾಜುವಿಗೆ ಮಾತು ಕೇಳಿಸಿತು. ಕೇಳಿಸದಷ್ಟು ದೂರವೇನಿರಲಿಲ್ಲ.

ಹೇಳಿಕೆ ಬರೆಸುವಾಗ ಶಾಂತಲಾ ಒಂದು ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದಳು. "ಶೆಡ್ಡಲ್ಲಿ ಗರಗಸ ಇತ್ತು, ಹೊರಗೆ ಒಲೆ ಇತ್ತು. ಭಾನುವಾರಾನೇ ಸೀಳಿ ಒಲೆಗೆ ಹಾಕಿದ್ರೆ ನಮಗೆ ಏನೂ ಸಿಕ್ತಿರ್ಲಿಲ್ಲ. ಯಾಕೆ ಹಾಕ್ಲಿಲ್ಲ?"

ಅವನು ಅಂಗೈಗಳನ್ನು ಮಗುಚಿ ನೋಡಿಕೊಂಡ. "ಎರಡು ಸಲ ಗರಗಸ ತಗೊಂಡೆ ಮೇಡಂ. ಕೈ ಬರ್ಲಿಲ್ಲ. ಊರೋರ ಹಳೇ ಸಾಮಾನೆಲ್ಲ ಮಾರಿದೀನಿ. ನಾನು ಮಾಡಿದ್ದು ಅಂತ ಇರೋದು ಅದೊಂದೇ. ಜನ ಬಂದು ಅದನ್ನ ಮುಟ್ಟಿ ಹೊಗಳೋವಾಗ ಹಿಂದೆ ನಿಂತು ಕೇಳ್ತಿದ್ದೆ. ನಾನ್ ಮಾಡಿದ್ದು ಅಂದಿದ್ರೆ ಯಾರೂ ಮುಟ್ತಿರ್ಲಿಲ್ಲ."

ಸುಬ್ರಮಣಿ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿದ. ಅನಂತರಾಜು ಸರಿಯೆಂದು ತಲೆಯಾಡಿಸಿದ. ಮುದ್ದೆಮಾಲಿನ ಚೀಟಿ ಕಟ್ಟಿಸಿಕೊಂಡ ಕುರ್ಚಿಯನ್ನು ನಯನಾ ಮತ್ತು ಸುಬ್ರಮಣಿ ಎತ್ತಿ, ಜಪ್ತಿಯಾದ ಸೈಕಲ್ಲು, ಗ್ಯಾಸ್ ಸ್ಟೌಗಳ ನಡುವೆ ಜಾಗ ಮಾಡಿ ಹಿಂದಿನ ಕೋಣೆಯಲ್ಲಿಟ್ಟರು.

ಶಾಂತಲಾ ಕಡತ ಮುಚ್ಚಿ ಎದ್ದಳು. ಬಾಗಿಲ ಹತ್ತಿರ ಬರುವಾಗ ಅನಂತರಾಜು ಕರೆದ.

"ಮೇಡಂ."

"ಏನು? ವಕೀಲರಿಗೆ ಫೋನ್ ಮಾಡ್ಬೇಕಾ?"

"ಅಲ್ಲ. ಆ ಕೋಣೆ ಗೋಡೇಲಿ ಪಸೆ ಇದೆ. ಬೆತ್ತಕ್ಕೆ ಬೂಷ್ಟು ಹಿಡಿಯುತ್ತೆ. ಗೋಡೆಯಿಂದ ಸ್ವಲ್ಪ ಈಚೆಗೆ ಇಡಿಸ್ತೀರಾ?"

ಅವಳು ಅವನನ್ನೇ ನೋಡಿದಳು. ಬೆಳಗಿನಿಂದ ಊಟವಿಲ್ಲ, ಫೋನಿನಲ್ಲಿ ಓದದ ಸಂದೇಶಗಳ ರಾಶಿ, ನಾಳೆ ಬೆಳಿಗ್ಗೆ ಇವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಉದ್ದಕ್ಕೆ ಒಂದು ಉಸಿರು ಬಿಟ್ಟಳು.

"ಸುಬ್ರಮಣಿ," ಎಂದು ಕೂಗಿದಳು, "ಆ ಕುರ್ಚಿನ ಈಚೆಗೆ ಎಳೆದಿಡು."